ತೆಳ್ಳಗ ತಿಕ್ಕೂದು

ಧಾರವಾಡದಾಗ ಕಾಲೇಜಿನ ಹಿಂದ, ಹುಣಸಿಮರದ ಬುಡಕ
ತಗಡಿನ ಖೋಲಿ. ಅಲ್ಲಿ ನಾ
ಇಪ್ಪತ್ತಾರು ವರ್ಷ ಕಲ್ಲು ತಿಕ್ಕೀನಿ.
ಒಡೆಯೂದಲ್ಲ, ಕೆತ್ತೂದಲ್ಲ. ತಿಕ್ಕೂದು.
ಗಾಜಿಗೆ ಅಂಟಿಸಿ, ಪುಡಿ ಹಾಕಿ, ನೀರು ಹನಿಸಿ,
ಬೆಳಕು ಆ ಕಡಿಂದ ಈ ಕಡಿಗೆ ಹಾದು ಬರೂ ತನಕ.
ಮೂವತ್ತು ಮೈಕ್ರಾನ್. ಉಳ್ಳಾಗಡ್ಡಿ ಪೊರಿ ಇದಕ್ಕಿಂತ ದಪ್ಪ.
ಒಂದು ತಿಕ್ಕು ಹೆಚ್ಚಾತು ಅಂದ್ರ ಕಲ್ಲೇ ಇರೂದಿಲ್ಲ,
ಬರೇ ಗಾಜು.

ಅಪ್ಪ ಹುಲಿಗೆಪ್ಪ ಬಂಡಿವಡ್ಡರ. ಮುಳಗುಂದದ ಕಣಿಯಾಗ
ಒರಳು, ಬೀಸುಕಲ್ಲು, ಗಡಿಕಲ್ಲು ಮಾಡಾಂವ.
ಉಳಿ ಇಡೂಕಿಂತ ಮೊದಲು ಬಂಡೆ ಮೈ ಸವರಾಂವ
ಸಂತ್ಯಾಗ ಎಮ್ಮಿ ಕೊಳ್ಳೂ ಮುಂದ ಸವರಿದಂಗ.
"ಕಲ್ಲಿಗೆ ಓಟ ಇರ್ತೈತಿ ತಮ್ಮಾ. ಅದರ ಜೋಡಿ ಹೋದ್ರ
ಏಳು ಪೆಟ್ಟಿಗೆ ಬಿಚ್ಚಿಕೋತೈತಿ. ಅಡ್ಡ ಹೋದ್ರ
ಉಳಿ ತಿಂತೈತಿ, ಆಯುಷ್ಯ ತಿಂತೈತಿ."
ಓಟ ಹೆಂಗ ಬಂತು ಅಂತ ಕೇಳಿದ್ದೆ.
"ಕೊಟ್ಟಾವನ್ನ ಕೇಳು" ಅಂದು ಎಲಿ-ಅಡಿಕಿ ಹಾಕ್ಕೊಂಡ.

ಮೊನ್ನೆ ಸುನಂದಾ ಗುಳೇದ ಬಂದ್ಲು, ಪಿಎಚ್‌ಡಿ ಹುಡುಗಿ,
ಬೂಟಿಗೆಲ್ಲಾ ಕಪ್ಪತಗುಡ್ಡದ ಕೆಂಪು.
ಚೀಲದಾಗ ಹನ್ನೊಂದು ಕಲ್ಲು, ಒಂದೊಂದರ ಮ್ಯಾಲೂ
ಬಾಣದ ಗುರ್ತು.
"ಅಳಿಸಬ್ಯಾಡ್ರಿ ಕಾಕಾ, ದಿಕ್ಕು ಹೋದ್ರ ಕಲ್ಲು ಮೂಕ."
ಚಾ ಕುಡಕೋತ ಅಕಿ ಹೇಳಿದ್ದು:
ಇನ್ನೂರೈವತ್ತು ಕೋಟಿ ವರ್ಷಕ್ಕೂ ಆಚಿಗೆ
ನೆಲಕ್ಕ ನೆಲ ಒತ್ತಿ ಗುಡ್ಡ ಏಳೂ ಹೊತ್ತಿನಾಗ
ಮೈಲುಗಟ್ಟಲೆ ಆಳದಾಗ ಕಲ್ಲು ಕರಗಿ,
ಅಂಬಲಿ ಗಡಿಗ್ಯಾಗ ಗುಳ್ಳಿ ಎದ್ದಂಗ ಎದ್ದು
ಮ್ಯಾಲೆ ಬರಲಾರದ ನಡುವ ನಿಂತಿತು.
ಆರಾಕ ಲಕ್ಷ ವರ್ಷ. ಒತ್ತೂದು ಮಾತ್ರ ನಿಲ್ಲಲಿಲ್ಲ.
ಅಕಿ ಪ್ರಶ್ನಿ ಒಂದ:
ಇದು ಬಾಗಿದ್ದು ಮೆತ್ತಗಿದ್ದಾಗೋ, ಗಟ್ಟಿಯಾದ ಮ್ಯಾಲೋ?

ಏಳನೇ ಕಲ್ಲು. ಮುಳಗುಂದದ್ದು.
ಗರಗಸಕ್ಕ ಕೊಡೂ ಮೊದಲು ಯಾರೂ ನೋಡದಂಗ
ಅಂಗೈ ಸವರಿ ಪೆನ್ಸಿಲ್ಲಿಲೆ ಒಂದು ಗೆರಿ ಎಳದೆ.

ತಿಕ್ಕಿದೆ. ಸಂಜಿ ಆತು.
ಸೂಕ್ಷ್ಮದರ್ಶಕದಾಗ ಬಿಳೇ ಹರಳು ಸಾಲಾಗಿ ನಿಂತಿದ್ದುವು,
ಮಲಪ್ರಭಾದಾಗ ತೇಲಿ ಬಂದ ಕಟಿಗಿಯಂಗ, ಒಂದಕ್ಕೂ ಗಾಯ ಇಲ್ಲ.
"ಮೆತ್ತಗಿದ್ದಾಗ" ಅಂದ್ಲು.
ಆಮ್ಯಾಲೆ ಬೆಣಚುಕಲ್ಲಿನ ಒಂದು ಚೂರು ನಡುವ ತಂದು
ತಟ್ಟಿ ತಿರುವಿದ್ಲು. ನೆಟ್ಟಗಿರೂ ಹರಳು
ದೀಪ ಆರಿಸಿದಂಗ ಒಮ್ಮೆಲೇ ಕಪ್ಪಾಗಬೇಕು.
ಇದು ಆಗಲಿಲ್ಲ. ಒಂದು ಅಂಚಿಂದ ನೆರಳು ಎದ್ದು
ಜ್ವಾಳದ ಹೊಲದ ಮ್ಯಾಲೆ ಮೋಡ ಹಾದಂಗ
ತಡದು ತಡದು ಆ ಅಂಚಿಗೆ ಹೋತು.
ಮತ್ತ ತಿರುವಿದ್ಲು. ಮತ್ತ ಹೋತು.
"ಗಟ್ಟಿಯಾದ ಮ್ಯಾಲೂ" ಅಂದ್ಲು, ಸಣ್ಣ ದನಿಲೆ.

ಕಾಗೆಬಂಗಾರದ ಸಾಲು ಅಳದು, ನನ್ನ ಗೆರಿ ಕಂಡು,
ಅಳದ್ಲು ಅದನ್ನೂ.
"ಬರೇ ಮೂರು ಡಿಗ್ರಿ ಫರಕು! ಹೆಂಗ ಕಾಕಾ?"

ಮೂರು ಡಿಗ್ರಿ ತಪ್ಪು ನಂದವ್ವಾ.
ಇಪ್ಪತ್ತಾರು ವರ್ಷ ಪುಡಿಯಾಗ ತಿಕ್ಕಿ ತಿಕ್ಕಿ
ಅಂಗೈ ಸವದೈತಿ.

ಬಕೀಟಿನ ತಳಕ್ಕ ಬೂದು ರಾಡಿ ಕುಂತಿತ್ತು.
ಎಂದಿನಂಗ ಹುಣಸಿ ಬುಡಕ ಸುರುವಿ
ಖೋಲಿ ಬಾಗಿಲ ಹಾಕ್ಕೊಂಡೆ.