ಸಂಖ್ಯೆಗೆ ಜಾಗ ಬಿಡಿ

ಹದಿನಾಲ್ಕು ಅಡಿ ಅಗಲ, ಎಂಟು ಎತ್ತರ.
ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಒಂದು, ಆನಂದರಾವ್ ಸರ್ಕಲ್ಲಿಗೆ ಒಂದು,
ಉಳಿದ ಹದಿನಾರು ವಾರ್ಡಿನೊಳಗೆ.
'ಯುದ್ಧಭೂಮಿಯಿಂದ ನಮ್ಮ        ಮಂದಿಯನ್ನು
ಮರಳಿ ತಂದ ಮಹಾನಾಯಕರಿಗೆ ವಂದನೆ.'
ನಡುವೆ ಖಾಲಿ. 'ಸಂಖ್ಯೆಗೆ ಜಾಗ ಬಿಡಿ ಆಚಾರ್ರೇ,
ದಿಲ್ಲಿಯಿಂದ ಬರಬೇಕು, ಬಂದ ಕೂಡಲೇ ಹೇಳ್ತೀನಿ'
ಅಂದ ವಾರ್ಡಿನ ಹುಡುಗ, ಮುಂಗಡ ಎಣಿಸಿಟ್ಟು ಹೋದ.

ಅವತ್ತು ಮಂಗಳವಾರ.
ವಿಮಾನ ಇನ್ನೂ ಹೊರಟಿರಲಿಲ್ಲ.

ಸುಲ್ತಾನ್‌ಪೇಟೆಯ ಈ ಗಲ್ಲಿಯಲ್ಲಿ ಇಪ್ಪತ್ತೆರಡು ವರ್ಷ.
ಮೊದಲು ಬ್ರಷ್ಷು, ಈಗ ಮೌಸು.
ಫ್ಲೆಕ್ಸ್ ನಿಷೇಧಿಸಿದೆ ಅನ್ನುವ ಬೋರ್ಡನ್ನೂ
ಫ್ಲೆಕ್ಸಿನಲ್ಲೇ ಮಾಡಿಕೊಟ್ಟವನು ನಾನು.
ಯಾವ ಮುಖಕ್ಕೆ ಎಷ್ಟು ಕೆಂಪು ಬೇಕು,
ಯಾರ ಕಣ್ಣಡಿಯ ಕಪ್ಪು ತೆಗೆಯಬೇಕು, ಬಲ್ಲೆ.
ಈ ನಾಯಕರದು ಕೈ ಮುಗಿದ ಫೋಟೋ ಇತ್ತು.
'ಅದು ಬೇಡ, ಚುನಾವಣೆಯದು. ಕೈ ಎತ್ತಿದ್ದು ಹಾಕಿ.'
ಹಿಂದೆ ಒಂದು ವಿಮಾನ. ಸಿಕ್ಕಿದ್ದು ಯಾವುದೋ ಪರದೇಶದ್ದು;
ಬಾಲದ ಮೇಲಿನ ಹಕ್ಕಿಯನ್ನು ಒಂದೊಂದೇ ಚುಕ್ಕೆ ಅಳಿಸಿದೆ.

ಫ್ರೇಮು ಕಟ್ಟುವ ಇಲಿಯಾಸ್ ನನ್ನ ಬೆನ್ನ ಹಿಂದೆ ನಿಂತಿದ್ದ.
ಅವನಣ್ಣ ಮುನೀರ್ ಆ ಬಂದರಿನಲ್ಲಿ ಕ್ರೇನ್ ಓಡಿಸುತ್ತಾನೆ.
ಓಡಿಸುತ್ತಿದ್ದ. ಕ್ರೇನು ಈಗ ನೀರಲ್ಲಿದೆ.
ಹನ್ನೊಂದು ದಿನದಿಂದ ಗೋದಾಮಿನ ತಳದಲ್ಲಿ,
ಒಂದು ಚಾರ್ಜರಿಗೆ ನಲವತ್ತು ಫೋನು.
ಗೋರಿಪಾಳ್ಯದಲ್ಲಿ ಅವನ ತಾಯಿ
ಮೆಸೇಜಿನ ಎರಡು ಗೀಟು ನೀಲಿಯಾಗುವುದನ್ನು ಕಾಯುತ್ತಾಳೆ,
ಓದು ಬಾರದವಳು, ಬಣ್ಣ ಬಲ್ಲವಳು.

ಆ ಹನ್ನೊಂದು ದಿನ ನಾಯಕರು ಎಲ್ಲಿದ್ದರು?
ನನಗೆ ಗೊತ್ತು. ಅವೂ ಇಲ್ಲೇ ಪ್ರಿಂಟಾದವು:
ಎರಡನೆಯ ದಿನ ಸೇತುವೆ ಉದ್ಘಾಟನೆ,
ಐದನೆಯ ದಿನ ಕುಸ್ತಿ ಪಂದ್ಯಾವಳಿ,
ಎಂಟನೆಯ ದಿನ ಅವರದೇ ಹುಟ್ಟುಹಬ್ಬ, ಇಪ್ಪತ್ತು ಅಡಿಯದು.
ಹನ್ನೊಂದನೆಯ ರಾತ್ರಿ ಟೀವಿಯಲ್ಲಿ ಬಂದು
'ನಮ್ಮವರ ಒಂದು ಕೂದಲೂ ಕೊಂಕುವುದಿಲ್ಲ' ಅಂದರು.
ಆಗಲೇ ಕೊಂಕಿದ್ದವು. ಕೂದಲಲ್ಲ.

ಟೀ ಅಂಗಡಿಯ ಚನ್ನಿಗಪ್ಪ ಹೇಳುತ್ತಾನೆ:
'ದೊಡ್ಡೋರ ಮೌನದಲ್ಲೂ ಲೆಕ್ಕ ಇರ್ತದೆ ಕಣಯ್ಯ.
ಎರಡು ಕಡೆಗೂ ಎಣ್ಣೆ ವ್ಯಾಪಾರ, ಬಾಯಿ ಬಿಟ್ರೆ ಕೆಡ್ತದೆ.'
ಇರಬಹುದು. ಅವರಿಗೇ ಓಟು ಹಾಕಿದವನು ನಾನು, ಎರಡು ಸಲ;
ಆ ಲೆಕ್ಕದ ಕಷ್ಟ ನನಗೂ ಅಂದಾಜಿದೆ.
ಯುದ್ಧ ಅವರು ಶುರುಮಾಡಿದ್ದಲ್ಲ, ನಿಲ್ಲಿಸಲೂ ಆಗದು.
ಆದರೆ ಬಂದರಿನ ಬಾಗಿಲು ತೆರೆದಿತ್ತಲ್ಲ, ಮೊದಲ ನಾಲ್ಕು ದಿನ?
ನಕ್ಷೆಯಲ್ಲಿ ಹುಡುಕಬೇಕಾದಂಥ ಪುಟ್ಟ ದೇಶಗಳು
ಬಾಡಿಗೆ ದೋಣಿ ಹಿಡಿದು ತಮ್ಮವರನ್ನು ಎಳೆದುಕೊಂಡವಲ್ಲ?
ಮಾತಾಡದಿದ್ದರೆ ಬೇಡ. ದೋಣಿ ಕಳಿಸುವುದಕ್ಕೆ ಭಾಷಣ ಯಾಕೆ?
ಮೌನ ರಾಜನೀತಿಯೇ ಆಗಿದ್ದರೆ
ಈ ಹದಿನೆಂಟು ಫ್ಲೆಕ್ಸಿನ ಗದ್ದಲ ಯಾವ ನೀತಿ?

ಇಷ್ಟೆಲ್ಲ ಅಂದುಕೊಂಡೆ. ಅಂದುಕೊಳ್ಳುತ್ತಲೇ
ಅವರ ಹೆಸರಿಗೆ ಬಂಗಾರದ ಅಂಚು ಕೊಟ್ಟೆ.
ಚದರಡಿಗೆ ಹತ್ತು ರೂಪಾಯಿ;
ನನ್ನ ಅಭಿಪ್ರಾಯಕ್ಕೆ ಯಾರೂ ಅಷ್ಟು ಕೊಡುವುದಿಲ್ಲ.

ಶುಕ್ರವಾರ ಸಂಜೆ ಫೋನು: 'ನಾನೂರ ಹನ್ನೆರಡು.'
ಪಟ್ಟಿ ಆಮೇಲೆ ಬಂತು. ಇಲಿಯಾಸ್ ಮೂರು ಸಲ ಓದಿದ.
ಮುನೀರ್ ಇಬ್ಬರಿದ್ದರು, ಕೇರಳದವನೊಬ್ಬ, ಬಿಹಾರದವನೊಬ್ಬ.
ತುಂಬ ಹೊತ್ತು ಸುಮ್ಮನಿದ್ದು ಕೇಳಿದ:
'ಅಣ್ಣಾ, ಸಂಖ್ಯೆ ಪಕ್ಕ ಒಂದು ಪ್ಲಸ್ ಹಾಕ್ತೀರಾ?
ಇನ್ನೂ ಬರೋರಿದ್ದಾರೆ ಅಂತ.'
ಹಾಕಿದೆ. ವಾರ್ಡಿನ ಹುಡುಗ ಪ್ರೂಫು ನೋಡಿ ಹಿಗ್ಗಿದ:
'ಸೂಪರ್ ಆಚಾರ್ರೇ! ಇನ್ನೂ ಜಾಸ್ತಿ ತಂದಂಗೆ ಕಾಣ್ತದೆ.'

ರಾತ್ರಿ ಎರಡಕ್ಕೆ ಮೈಸೂರು ಬ್ಯಾಂಕ್ ಸರ್ಕಲ್ಲಿನ ಕಂಬ ಹತ್ತಿ
ತಂತಿ ಬಿಗಿದವನು ಇಲಿಯಾಸ್.
ಕೆಳಗೆ ಏಣಿ ಹಿಡಿದಿದ್ದೆ.
ಗಾಳಿಗೆ ನಾಯಕರ ಕೆನ್ನೆ ಉಬ್ಬಿ, ಒಳಗೆ ಹೋಗಿ, ಉಬ್ಬುತ್ತಿತ್ತು.
ಪ್ಲಸ್ ಇದ್ದ ಕಡೆಯ ಅಂಚಿಗೆ ಅವನು
ಒಂದು ಸುತ್ತು ತಂತಿ ಹೆಚ್ಚಿಗೆ ಸುತ್ತಿದ,
ಕಿತ್ತುಹೋಗದ ಹಾಗೆ.