ಮಾಡು

ಒಂದು ಮನೆಗೆ ಮೂವತ್ತೈದು ರೂಪಾಯಿ,
ಬಾಗಿಲು ಹಾಕಿದ್ದರೆ ಅದೂ ಇಲ್ಲ.
ಮಾರ್ಚಿನ ಕಾರವಾರ. ಚೀಲದಲ್ಲಿ ನಾನೂರು ಹಾಳೆ,
ಪ್ರತಿ ಹಾಳೆಯ ಮೊದಲ ಪ್ರಶ್ನೆ:
ಮಾಡು ಯಾವ ಬಗೆಯದು?

ಹಬ್ಬುವಾಡದಲ್ಲಿ ಮೆಟ್ಟಿಲು ಹತ್ತಿಸಿಯೇ ತೋರಿಸಿದರು
ವಾಮನ ಗುನಗಿಯವರು. ಕೈಗಾದಲ್ಲಿ ಮೂವತ್ತು ವರ್ಷ
ಅಣುವಿನ ಕಾವು ಕಾದ ಮನುಷ್ಯ
ಈಗ ಲುಂಗಿ ಎತ್ತಿ ಕಟ್ಟಿ, ಎಂಟು ಕರಿ ಹಲಗೆಗಳ ನಡುವೆ ಬಗ್ಗಿ
ಕಾಗೆ ಹಿಕ್ಕೆ ಒರೆಸುತ್ತಾರೆ.
ಉಪ್ಪುಗಾಳಿಗೆ ಬೋಲ್ಟು ತುಕ್ಕು ಹಿಡಿದದ್ದಕ್ಕೆ ಅಷ್ಟು ಬೇಜಾರಿಲ್ಲ,
ಮೀಟರಿನ ಬಾಣ ಹೊರಮುಖ ಆಗಿದ್ದನ್ನು ಎರಡು ಸಲ ತೋರಿಸಿದರು.
ಪಿಂಚಣಿ ಉಂಟು. ಸ್ಲ್ಯಾಬು ಉಂಟು. ಹೆಂಡತಿಗೆ ಕಾಲೇಜಿನ ಸಂಬಳ.
ನನ್ನ ಪೆನ್ನು ಎಲ್ಲೂ ತಡವರಿಸಲಿಲ್ಲ.
ಚಹಾ ಕೊಟ್ಟರು.

ಕಾಜುಬಾಗದಲ್ಲಿ ಮೊದಲು ಡಾಕ್ಟರು ಹಾಕಿಸಿದರಂತೆ,
ಕಾಂಪೌಂಡಿನಾಚೆಯ ಶೇಟರು ಒಂದು ತಿಂಗಳು ಕತ್ತೆತ್ತಿ ನೋಡಿದರಂತೆ,
ಆಮೇಲೆ ಬೀದಿಗೆ ಬೀದಿಯೇ ಆಕಾಶಕ್ಕೆ ಕನ್ನಡಿ ಹಿಡಿಯಿತು.
'ಪ್ರೇರಣೆ ಯಾರಿಂದ?' ಎಂಬಲ್ಲಿ
ಎಲ್ಲರೂ ಬರೆಸಿದ್ದು: ಪರಿಸರ ಪ್ರೇಮ.

ಕೋಡಿಬಾಗದ ಹಂಚಿನ ಮನೆ. ಮೀಟರು
ಪುರುಸು ತಾಂಡೇಲರ ಹೆಸರಲ್ಲಿ.
ಅವರೆಲ್ಲಿ ಅಂದೆ.
'ಹನ್ನೊಂದು ವರ್ಷ ಆಯ್ತು, ದೋಣಿ ಮಾತ್ರ ಸಿಕ್ಕಿತು.'
ಬಿಲ್ಲು ತಿಂಗಳು ತಪ್ಪದೆ ಬಂದು ಅವರ ಹೆಸರನ್ನೇ ಕೂಗುತ್ತದೆ,
ಸೊನ್ನೆ ರೂಪಾಯಿಗೆ.
'ಇನ್ನೂರರ ಒಳಗೇ ಉರಿಸ್ತೇವೆ ಬಾಯಿ, ಸರ್ಕಾರ ಮಾಫಿ ಮಾಡಿದೆ.
ಸೊನ್ನೆಯಲ್ಲಿ ನಿಮ್ಮ ಸೂರ್ಯ ಇನ್ನೆಷ್ಟು ಕಳೀತಾನೆ?'
ಪ್ರಶ್ನೆ ಕೇಳಬೇಕಾದವಳು ನಾನು.

ಬೈತಖೋಲದ ತಗಡಿನ ಕೋಣೆಯಲ್ಲಿ ಒಂಬತ್ತು ಹುಡುಗರು,
ಒಡಿಶಾದವರು, ಟ್ರಾಲರಿನ ಕೆಲಸ.
ಮನೆಯ ಯಜಮಾನ ಯಾರು ಎಂದರೆ
ಒಬ್ಬರ ಮುಖ ಒಬ್ಬರು ನೋಡಿ
ಕೊನೆಗೆ ಅಡುಗೆ ಮಾಡುವವನನ್ನು ಮುಂದಕ್ಕೆ ತಳ್ಳಿದರು.

ಮಾಜಾಳಿಯಲ್ಲಿ ಸ್ಲ್ಯಾಬಿನ ಮೇಲೆ ನಿಂತಿದ್ದಳು ಶೇವಂತಿ.
ಸ್ವಂತ ಮನೆ, ತನ್ನದೇ ಮೀಟರು, ಬ್ಯಾಂಕಿನ ಪುಸ್ತಕ,
ಹದಿನೈದು ದಿನದಲ್ಲಿ ಮೊದಲ ಸಲ ನನಗೆ ಆಸೆಯಾಯಿತು.
ಕಾಲಿಡಲು ಜಾಗವಿರಲಿಲ್ಲ.
ಈ ಅಂಚಿನಿಂದ ಆ ಅಂಚಿಗೆ ತಾರ್ಲೆ, ಸುಂಗಟ, ಹೊಟ್ಟೆ ಸೀಳಿದ ಬಾಂಗಡೆ,
ಕಾಗೆ ಓಡಿಸುವ ಕೋಲಿನಲ್ಲೇ ಅವಳು ನನ್ನ ಹಾಳೆ ತೋರಿಸಿ
'ಹಲಗೆ ಹಾಕಿದರೆ ಇವನ್ನೆಲ್ಲ ನಿನ್ನ ತಲೆ ಮೇಲೆ ಒಣಗಿಸಲಾ?
ಈ ಮಾಡಿನ ಬಿಸಿಲು ಮಳೆಗಾಲದವರೆಗೂ ಮಾರಿ ಆಗಿದೆ ಅಂತ ಬರಿ' ಅಂದಳು.
ಬರೆದೆ: ಸೌರ ಬಳಕೆ, ಇಲ್ಲ.
ಹಾಳೆಗೆ ಒಂದು ಹುರುಪೆ ಅಂಟಿಕೊಂಡಿತ್ತು,
ಮನೆಗೆ ಬಂದ ಮೇಲೆ ಕಂಡೆ.

ಮನೆ ಅಂದರೆ ನಂದನಗದ್ದೆಯ ಬಾಡಿಗೆ ಕೋಣೆ.
ಮೇಲೆ ಓನರಿನ ಹನ್ನೆರಡು ಹಲಗೆ.
ಅವು ಬಂದಾಗಿನಿಂದ ಸೆಕೆ ಕಡಿಮೆ, ಮಧ್ಯಾಹ್ನ ಮಗು ನಿದ್ದೆ ಮಾಡುತ್ತದೆ.
ಅವರ ಬಿಲ್ಲು ಇಳಿಯಿತು, ನಮ್ಮದು ಹಾಗೇ,
ನೆರಳಿಗೆ ಬಾಡಿಗೆ ಇನ್ನೂರು ಏರಿತು.

ರಾತ್ರಿ ಸೂಪರ್‌ವೈಜರ್ ಫೋನು:
'ಕಡಿಮೆ ಆದಾಯದವರ ಕಾಲಂ ಖಾಲಿ ಬಿಡಬೇಡ ಮಾರಾಯ್ತಿ,
ಆಸಕ್ತಿ ಇಲ್ಲ ಅಂತ ಟಿಕ್ ಮಾಡು.'

ಕೊನೆಯ ಶಬ್ದ ಕೇಳಿ
ಅಭ್ಯಾಸಬಲದಿಂದ ಬಾಯಿಗೆ ಬಂತು:
ಯಾವ ಬಗೆಯದು ಸಾರ್?
ಹಂಚೋ, ತಗಡೋ, ಸ್ಲ್ಯಾಬೋ?