ಲಗ್ನಪತ್ರಿಕೆಯ ಬೆನ್ನಿಗೆ

ಶನಿವಾರ, ಬೆಳಗಿನ ಶಾಲೆ, ಕೊನೆಯ ಪಿರಿಯಡ್ಡು.
ಹಳೇ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ
ಕಿಟಕಿಯಿಂದ ಬಂದು ಹಾಜರಿ ಹೇಳುವ ಹೊತ್ತು.
ಮೇಜಿನ ಮೇಲೆ ಲಗ್ನಪತ್ರಿಕೆಗಳ ಕಟ್ಟು:
ಮುಂದೆ ಯಾರದೋ ಮದುವೆ, ಮೂಲೆಗೆ ಅರಿಶಿನ,
ಬೆನ್ನಿಗೆ ನನ್ನ ಕೈಬರಹದಲ್ಲಿ ಐದೈದು ಸುಳಿವು.
ಖಾಲಿ ಹಾಳೆಗೆ ದುಡ್ಡು ಕೊಡುವ ಶಾಲೆಯಲ್ಲ ನಮ್ಮದು.

'ಹೇಳ್ರಪ್ಪಾ, ನಾನು ಯಾರು?
ಒಂದು: ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು.'
'ನಮ್ಮ ಹಾಲಮ್ಮ ಸಾರ್!' ಹಿಂದಿನ ಬೆಂಚಿನ ನಗು.
ಹಾಲಮ್ಮ ನಗಲಿಲ್ಲ, ಬೈಯಲೂ ಇಲ್ಲ,
ಎರಡನೇ ಸುಳಿವಿಗೆ ಕಿವಿಕೊಟ್ಟಳು
ಮುಂದೆ ತನಗೇನಾಗುತ್ತದೆಂದು ತಿಳಿಯುವಂತೆ.

'ಎರಡು: ಬೀದಿದೀಪದ ಕೆಳಗೆ ಓದಿದೆ.'
'ಯಾವ ಬೀದಿ ಸಾರ್? ನಮ್ಮ ಬೀದೀದು ಯುಗಾದಿಯಿಂದ ಕೆಟ್ಟೈತೆ.'
'ಮೂರು: ಲೆಕ್ಕದಲ್ಲಿ ಒಮ್ಮೆ ನಪಾಸಾದೆ.'
ಇಡೀ ತರಗತಿ ಕೈ ಎತ್ತಿತು.

ಇಪ್ಪತ್ತೆಂಟು ವರ್ಷ ಈ ಆಟ ಆಡಿಸಿದ್ದೇನೆ.
ಮಹನೀಯರೆಲ್ಲ ಮೂರನೇ ಸುಳಿವಿನ ತನಕ ಒಂದೇ ಮನೆಯ ಮಕ್ಕಳು.
ಅದೇ ಹರಕು ಅಂಗಿ, ಅದೇ ಏಳು ಮೈಲಿ ನಡಿಗೆ,
ಎರವಲು ಪುಸ್ತಕ, ಸೀಮೆಎಣ್ಣೆ ಬುಡ್ಡಿ.
ನಾಲ್ಕಕ್ಕೆ ಹಡಗು ಹತ್ತುತ್ತಾರೆ, ಇಲ್ಲವೇ ಜೈಲಿಗೆ ಹೋಗುತ್ತಾರೆ,
ಐದಕ್ಕೆ ಸರ್ಕಲ್ಲಿನಲ್ಲಿ ನಿಂತುಬಿಡುತ್ತಾರೆ
ಕಾಗೆಗೆ ತಲೆ ಕೊಟ್ಟು.
ಆಗ ಹೆಸರು. ಚಪ್ಪಾಳೆ. ಬಹುಮಾನ ಒಂದು ಮುಷ್ಟಿ ಮಂಡಕ್ಕಿ,
ದಾದಾಪೀರನ ಅಪ್ಪನ ಭಟ್ಟಿಯದು, ಇನ್ನೂ ಬಿಸಿ.

'ಸಾರ್, ಮೂರಕ್ಕೂ ನಾಲ್ಕಕ್ಕೂ ನಡುವೆ ಏನಾತು?'
ಕೇಳಿದವನು ಕೊಟ್ರೇಶಿ. ಕೇಳಿ ತಾನೇ ಕೂತುಬಿಟ್ಟ.
ಕಾರ್ಡು ತಿರುಗಿಸಿ ನೋಡಿದೆ.
ಅಲ್ಲಿ ಮುಹೂರ್ತವಿತ್ತು, ಛತ್ರದ ವಿಳಾಸವಿತ್ತು,
ಸುಖಾಗಮನ ಬಯಸುವವರ ಉದ್ದ ಪಟ್ಟಿಯಿತ್ತು.

ಇನ್ನೊಂದು ಕಾರ್ಡು ಅಂಗಿ ಜೇಬಿನಲ್ಲಿರುತ್ತದೆ.
ಯಾವ ಶನಿವಾರವೂ ಓದಿಲ್ಲ.
ಅವತ್ತು ಕೈ ಅಲ್ಲಿಗೇ ಹೋಯಿತು.

'ಒಂದು: ಗಿರಣಿಯ ಸಾಲುಮನೆಯಲ್ಲಿ ಹುಟ್ಟಿದೆ, ಸೈರನ್ನೇ ಗಡಿಯಾರ.
ಎರಡು: ಗಿರಣಿ ಮುಚ್ಚಿದಾಗ ಗೇಟಿನ ಮುಂದೆ ಅನ್ನ ಬಿಟ್ಟು ಮಲಗಿದೆ,
ಹನ್ನೊಂದನೇ ದಿನ ಮುನ್ನೂರು ಮನೆಗೆ ಬಾಕಿ ಕೂಲಿ ಬಂತು.
ಮೂರು: ಆ ಮನೆಗಳಲ್ಲೊಂದರ ಹುಡುಗನಿಗೆ ಫೀಜು ಕಟ್ಟಿದೆ.
ಅವನು ನನ್ನ ಫೋಟೊ ಕತ್ತರಿಸಿ
ಟ್ರಂಕಿನ ಮುಚ್ಚಳದ ಒಳಗೆ ಗಂಜಿಯಲ್ಲಿ ಅಂಟಿಸಿಕೊಂಡ.
ನಾಲ್ಕು: ಮಂತ್ರಿಯಾದೆ. ಪ್ರವಾಸಿ ಮಂದಿರದ ಮೆಟ್ಟಿಲ ಮೇಲೆ
ಟೀ ಆರಿದೆಯೆಂದು ಅಡುಗೆಯ ಕೆಂಚಪ್ಪನ ಕೆನ್ನೆಗೆ ಹೊಡೆದೆ,
ಕೆಂಚಪ್ಪನಿಗೆ ನನ್ನಪ್ಪನ ವಯಸ್ಸು.
ಆ ಹುಡುಗ ಹಾರ ಹಿಡಿದು ಕೆಳಗಿನ ಮೆಟ್ಟಿಲಲ್ಲಿ ನಿಂತಿದ್ದ.'

'ಐದು, ಸಾರ್?'
ಐದು ಬರೆದಿಲ್ಲ.

ಆಚೆ ಭಟ್ಟಿಯಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.
ಯಾರ ಬಾಯಿಗೂ ಹೆಸರು ಬರಲಿಲ್ಲ,
ಅವರಿಗೆ ಇನ್ನೂ ಯಾವ ಸರ್ಕಲ್ಲೂ ಸಿಕ್ಕಿಲ್ಲವಲ್ಲ.
ಮುಬೀನಾ ಬೆರಳು ಮಡಚಿ ಮಡಚಿ ಎಣಿಸಿ ಎದ್ದಳು:
'ಇದು ಇಬ್ರು, ಸಾರ್.
ಎರಡು ಕಾರ್ಡು ಅಂಟ್ಕೊಂಡಾವೆ, ಬಿಡಿಸಿ ನೋಡ್ರಿ.'

ಉಗುರಿನಿಂದ ಅಂಚು ಕೆರೆದೆ, ಅವಳ ಸಮಾಧಾನಕ್ಕೆ.
ಒಂದೇ ಕಾರ್ಡು, ಮಗಾ.

ಮುಂಬದಿ ತೋರಿಸಲಿಲ್ಲ. ಅಲ್ಲಿರುವುದು ನನ್ನದೇ ಮದುವೆ,
ಮೆಟ್ಟಿಲಿನ ಆ ಸಂಜೆ ಕಳೆದು ಮೂರು ತಿಂಗಳಿಗೆ.
ತಾಯಿ ತಂದೆಯ ಹೆಸರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ,
ಪ್ರೆಸ್ಸಿನವನಿಗೆ ಎರಡು ಸಲ ಹೇಳಿ ನಾನೇ ಹಾಕಿಸಿದ
ಅವರ ಹೆಸರು.
ಬಂದಿದ್ದರು. ಅಕ್ಷತೆ ಹಾಕಿದ್ದು ಬಲಗೈಯಲ್ಲೇ.
ನಾನು ತಲೆ ಬಗ್ಗಿಸಿದ್ದೆ.

ಬೆಲ್ಲು ಹೊಡೆಯಿತು. ಯಾರೂ ಗೆದ್ದಿಲ್ಲ, ಬಹುಮಾನವಿಲ್ಲ ಎಂದರೆ
ದಾದಾಪೀರ ಕೇಳಲಿಲ್ಲ, ಆರಿದರೆ ರುಚಿಯಿಲ್ಲ ಎನ್ನುತ್ತ
ಸಾಲಾಗಿ ಎಲ್ಲರ ಅಂಗೈಗೂ ಸುರಿಯುತ್ತ ಬಂದ,
ನನ್ನ ಅಂಗೈಗೂ.